ರಜೆಯಿಲ್ಲದೆ ಎಷ್ಟು ದಿನ ದುಡಿಸಬಹುದು? ವಾರದ ರಜೆಯ ಹಕ್ಕು ಪಡೆಯಲು ಸಮಗ್ರ ಮಾರ್ಗದರ್ಶಿ

ಗಾರ್ಮೆಂಟ್ಸ್‌ನಲ್ಲಿ ಶಿಪ್‌ಮೆಂಟ್ ಇದೆ ಅಂತಾರೆ. ಸೆಕ್ಯುರಿಟಿ ಕೆಲಸದಲ್ಲಿ ರಿಲೀವರ್ ಬಂದಿಲ್ಲ ಅಂತಾರೆ. ಐಟಿಯಲ್ಲಿ ರಿಲೀಸ್ ಇದೆ, ಶೋರೂಮಿನಲ್ಲಿ ಹಬ್ಬದ ಸೀಸನ್ ಇದೆ. ಕಾರಣ ಬೇರೆ ಬೇರೆ, ಫಲ ಒಂದೇ. ವಾರದ ರಜೆ ಹೋಗುತ್ತದೆ. ಹತ್ತು ದಿನ, ಹದಿನೈದು ದಿನ, ಕೆಲವರಿಗೆ ಇಡೀ ತಿಂಗಳು ಬಿಡುವಿಲ್ಲ. ಕೇಳಿದರೆ "ಕಷ್ಟ ಅಂದ್ರೆ ಬಿಟ್ಟು ಹೋಗಿ" ಎಂಬ ಉತ್ತರ.

ವಾರದ ರಜೆ ಮಾಲೀಕರು ದಯೆಯಿಂದ ಕೊಡುವಂಥದ್ದಲ್ಲ. ಮುಂಬೈಯ ಗಿರಣಿ ಕಾರ್ಮಿಕರಿಗಾಗಿ ನಾರಾಯಣ ಮೇಘಾಜಿ ಲೋಖಂಡೆ ಅವರು ವರ್ಷಗಟ್ಟಲೆ ಹೋರಾಡಿದ ಮೇಲೆ 1890ರಲ್ಲಿ ಅಲ್ಲಿ ಭಾನುವಾರದ ರಜೆ ಸಿಕ್ಕಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1921ರಲ್ಲಿ ಕೈಗಾರಿಕೆಗಳಿಗೆ ವಾರದ ರಜೆಯ ಒಪ್ಪಂದ ಮಾಡಿತು, ಭಾರತ 1923ರಲ್ಲೇ ಅದನ್ನು ಅನುಮೋದಿಸಿತು. ಅಂದರೆ ಈ ಹಕ್ಕಿಗೆ ನೂರು ವರ್ಷ ದಾಟಿದೆ. ಆದರೂ ಅದು ಕೈಗೆ ಸಿಗುವುದು ದಿನಗಳನ್ನು ಎಣಿಸಿ ಬರೆದಿಟ್ಟವರಿಗೆ ಮಾತ್ರ. ಬಾಯಿಮಾತಿನ ದೂರು ಲೇಬರ್ ಆಫೀಸಿನ ಬಾಗಿಲಲ್ಲೇ ನಿಂತುಬಿಡುತ್ತದೆ. ಹಾಗಾಗಿ ಈ ಬರಹದಲ್ಲಿ ಕಾನೂನಿನಷ್ಟೇ ಜಾಗ ದಾಖಲೆಗೂ ಕೊಟ್ಟಿದ್ದೇನೆ.

ಇಲ್ಲಿ ಹೇಳಿರುವುದು ಕರ್ನಾಟಕದಲ್ಲಿ ಖಾಸಗಿ ಕೆಲಸ ಮಾಡುವವರಿಗೆ.

ಹಂತ 1: ನಿಮಗೆ ಯಾವ ಕಾನೂನು ಅನ್ವಯ ಎಂದು ಗೊತ್ತುಮಾಡಿಕೊಳ್ಳಿ

ಎಲ್ಲರಿಗೂ ಒಂದೇ ಕಾಯ್ದೆ ಇಲ್ಲ. ತಪ್ಪು ಕಾಯ್ದೆಯ ಹೆಸರು ಬರೆದು ಅರ್ಜಿ ಕೊಟ್ಟರೆ ಅಲ್ಲಿಗೆ ಹೋಗಿ, ಇಲ್ಲಿಗೆ ಹೋಗಿ ಎಂದು ಅಲೆದಾಡಿಸುತ್ತಾರೆ.

ಮೊದಲು ಕಾರ್ಖಾನೆಯವರ ವಿಷಯ. ಬಹಳ ಕಾಲ 1948ರ ಕಾರ್ಖಾನೆಗಳ ಕಾಯ್ದೆಯೇ ಆಧಾರವಾಗಿತ್ತು. 2025ರ ನವೆಂಬರ್ 21ರಂದು ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅವುಗಳಲ್ಲಿ ಒಂದಾದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ, 2020 ಈಗ ಹಳೆಯ ಕಾಯ್ದೆಯ ಜಾಗದಲ್ಲಿದೆ. ಅದರ 26ನೇ ಕಲಂ ನೇರವಾಗಿದೆ: ಯಾವ ಕಾರ್ಮಿಕರನ್ನೂ ಒಂದು ವಾರದಲ್ಲಿ ಆರು ದಿನಕ್ಕಿಂತ ಜಾಸ್ತಿ ದುಡಿಸುವಂತಿಲ್ಲ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಸಂಸ್ಥೆಗಳಿಗೆ ಇದು ಅನ್ವಯ. ಹಳೆಯ ಕಾಯ್ದೆಯ ನಿಯಮಗಳು ಹೊಸ ಸಂಹಿತೆಗೆ ಅಡ್ಡ ಬರದಷ್ಟು ಮಟ್ಟಿಗೆ ಸದ್ಯಕ್ಕೆ ಮುಂದುವರಿಯುತ್ತವೆ. ಆದ್ದರಿಂದ ಅರ್ಜಿಯಲ್ಲಿ ಎರಡನ್ನೂ ಹೆಸರಿಸಿದರೆ ತಪ್ಪಿಲ್ಲ.

ಅಂಗಡಿ, ಹೋಟೆಲ್, ಶೋರೂಂ, ಖಾಸಗಿ ಆಫೀಸು, ಕಾಲ್ ಸೆಂಟರ್, ಐಟಿ ಕಂಪನಿ, ಸೆಕ್ಯುರಿಟಿ ಏಜೆನ್ಸಿ ಇವೆಲ್ಲ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ ಕೆಳಗೆ ಬರುತ್ತವೆ. ಇದು ರಾಜ್ಯದ ಕಾಯ್ದೆ. ಕೇಂದ್ರದ ಸಂಹಿತೆಗಳು ಬಂದರೂ ಇದು ರದ್ದಾಗಿಲ್ಲ. ಇದರ 12ನೇ ಕಲಂ ವಾರದ ರಜೆಯದ್ದು. ವಾರಕ್ಕೆ 48 ಗಂಟೆ ಮಿತಿಯೂ ಇದೇ ಕಾಯ್ದೆಯಲ್ಲಿದೆ. "ನಮ್ಮ ಅಂಗಡಿ ವರ್ಷದ 365 ದಿನವೂ ತೆರೆದಿರಲು ಪರ್ಮಿಷನ್ ಇದೆ" ಎಂದು ಮಾಲೀಕರು ಹೇಳಬಹುದು. ಆ ಅನುಮತಿ ಅಂಗಡಿಗೆ, ನಿಮಗಲ್ಲ. 2021ರ ಜನವರಿಯಲ್ಲಿ ರಾಜ್ಯ ಸರ್ಕಾರ ಅಂಥ ಅನುಮತಿ ಕೊಟ್ಟಾಗಲೇ ಷರತ್ತು ಹಾಕಿತ್ತು. ಪ್ರತಿ ನೌಕರನಿಗೂ ಸರದಿ ಮೇಲೆ ವಾರಕ್ಕೊಂದು ರಜೆ ಸಿಗಬೇಕು, ಅದಕ್ಕೆ ಬೇಕಾದಷ್ಟು ಹೆಚ್ಚಿನ ಜನರನ್ನು ಇಟ್ಟುಕೊಳ್ಳಬೇಕು, ಆ ದಿನ ಯಾರು ರಜೆಯಲ್ಲಿದ್ದಾರೆ ಎಂಬುದನ್ನು ಎದ್ದು ಕಾಣುವಂತೆ ಹಾಕಬೇಕು ಎಂಬ ಷರತ್ತುಗಳವು.

ಐಟಿಯವರಲ್ಲಿ ಒಂದು ತಪ್ಪು ತಿಳಿವಳಿಕೆ ಬೇರೂರಿದೆ: "ನಮಗೆ ಕಾರ್ಮಿಕ ಕಾನೂನಿಂದ ವಿನಾಯಿತಿ ಇದೆ." ಕರ್ನಾಟಕದಲ್ಲಿ ಐಟಿ ಕಂಪನಿಗಳಿಗೆ ವಿನಾಯಿತಿ ಕೊಟ್ಟಿದ್ದು ಸ್ಥಾಯಿ ಆದೇಶಗಳ (ಕೆಲಸದ ಷರತ್ತುಗಳನ್ನು ಮಾಲೀಕರು ಬರೆದಿಡಬೇಕೆನ್ನುವ) ಕಾಯ್ದೆಯಿಂದ. ವಾರದ ರಜೆಯಿಂದ ಅಲ್ಲ. ಇವೆರಡನ್ನು ಬೆರೆಸಿ ಹೇಳುವ ಹೆಚ್‌ಆರ್ ಮಾತು ನಂಬಬೇಡಿ.

ಬಸ್ಸು, ಲಾರಿ ಸಂಸ್ಥೆಗಳಿಗೆ ಸ್ವಲ್ಪ ಸಡಿಲ ಇದೆ. ಸಂಚಾರ ಏರುಪೇರಾಗಬಾರದು ಎಂಬ ಕಾರಣಕ್ಕೆ ರಜೆಯ ದಿನವೂ ಕರೆಯಬಹುದು. ಆದರೆ ನಡುವೆ ಒಂದು ಪೂರ್ತಿ ರಜೆ ಇಲ್ಲದೆ ಹತ್ತು ದಿನಕ್ಕಿಂತ ಹೆಚ್ಚು ಸತತವಾಗಿ ದುಡಿಸುವಂತಿಲ್ಲ.

ಈಗ ಹೊರಗುಳಿಯುವವರು. ಮ್ಯಾನೇಜರ್ ಮಟ್ಟದವರಿಗೆ ಈ ರಕ್ಷಣೆ ಇಲ್ಲ. ಹೊಸ ಸಂಹಿತೆಯ ಪ್ರಕಾರ ತಿಂಗಳಿಗೆ 18,000 ರೂಪಾಯಿಗಿಂತ ಜಾಸ್ತಿ ವೇತನ ಪಡೆಯುವ ಸೂಪರ್‌ವೈಸರ್ ಕೂಡ 'ಕಾರ್ಮಿಕ' ಎಂಬ ಪದದ ಒಳಗೆ ಬರುವುದಿಲ್ಲ. ಇಲ್ಲಿ ನೋಡಬೇಕಾದ್ದು ಕೆಲಸವನ್ನು, ಐಡಿ ಕಾರ್ಡಿನ ಮೇಲಿನ ಹೆಸರನ್ನಲ್ಲ. 'ಟೀಮ್ ಲೀಡರ್' ಎಂದು ಬರೆದು, ದಿನವಿಡೀ ಎಲ್ಲರಂತೆ ಮೆಷಿನ್ ಮುಂದೆಯೇ ಕೂರಿಸಿದ್ದರೆ ನೀವು ಸೂಪರ್‌ವೈಸರ್ ಅಲ್ಲ ಎಂದು ಗಟ್ಟಿಯಾಗಿ ವಾದಿಸಬಹುದು. ಡೆಲಿವರಿ, ಕ್ಯಾಬ್ ಆ್ಯಪ್‌ಗಳಲ್ಲಿ ದುಡಿಯುವವರಿಗೆ ರಾಜ್ಯ 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ತಂದಿದೆ. ಅದರ ಒತ್ತು ಸಾಮಾಜಿಕ ಭದ್ರತೆಯ ಮೇಲೆ. ವಾರದ ರಜೆಯ ಹಕ್ಕು ಇವರಿಗೆ ಇನ್ನೂ ಸಿಕ್ಕಿಲ್ಲ. ಇದು ದೊಡ್ಡ ಅನ್ಯಾಯ ಎಂದೇ ನನ್ನ ಅಭಿಪ್ರಾಯ. ದಿನಕ್ಕೆ ಹನ್ನೆರಡು ಗಂಟೆ ಬೈಕ್ ಮೇಲೆ ಇರುವವರಿಗಿಂತ ವಿಶ್ರಾಂತಿ ಯಾರಿಗೆ ಬೇಕು?

ಹಂತ 2: ದಿನಗಳನ್ನು ಸರಿಯಾಗಿ ಎಣಿಸಿ

ಇಲ್ಲೇ ಜನ ಎಡವುವುದು. 'ವಾರಕ್ಕೆ ಆರು ದಿನ' ಅಂದರೆ 'ಏಳನೇ ದಿನ ರಜೆ' ಎಂದೇನೂ ಅಲ್ಲ. ವಾರ ಭಾನುವಾರಕ್ಕೆ ಶುರುವಾಗುತ್ತದೆ ಎಂದಿಟ್ಟುಕೊಳ್ಳಿ. ಮೊದಲ ವಾರ ನಿಮಗೆ ಭಾನುವಾರ ರಜೆ ಕೊಟ್ಟರು, ಎರಡನೇ ವಾರ ಶನಿವಾರ ಕೊಟ್ಟರು. ಎರಡೂ ವಾರದಲ್ಲಿ ಒಂದೊಂದು ರಜೆ ಬಂತು. ಆದರೆ ನಡುವೆ ಸೋಮವಾರದಿಂದ ಮುಂದಿನ ವಾರದ ಶುಕ್ರವಾರದವರೆಗೆ ಹನ್ನೆರಡು ದಿನ ನೀವು ಸತತ ಕೆಲಸ ಮಾಡಿದ್ದೀರಿ. ಬರೀ ವಾರದ ಲೆಕ್ಕದಲ್ಲಿ ನೋಡಿದರೆ ತಪ್ಪು ಕಾಣುವುದೇ ಇಲ್ಲ.

1948ರ ಕಾಯ್ದೆ ಈ ತೂತು ಮುಚ್ಚಿತ್ತು. ಭಾನುವಾರದ ರಜೆಯನ್ನು ಬದಲಿಸುವುದಾದರೆ ಅದರ ಹಿಂದಿನ ಮೂರು ದಿನ ಅಥವಾ ಮುಂದಿನ ಮೂರು ದಿನದೊಳಗೆ ಒಂದು ಪೂರ್ತಿ ರಜೆ ಕೊಡಬೇಕಿತ್ತು. ಅದಕ್ಕೆ ಮೊದಲೇ ಇನ್‌ಸ್ಪೆಕ್ಟರ್‌ಗೆ ತಿಳಿಸಿ, ಕಾರ್ಖಾನೆಯಲ್ಲಿ ನೋಟಿಸ್ ಹಾಕಬೇಕಿತ್ತು. ಏನೇ ಬದಲಿಸಿದರೂ ಸತತ ಹತ್ತು ದಿನ ದಾಟುವಂತಿರಲಿಲ್ಲ. ಆ ಹತ್ತರ ಮಿತಿ ಇಲ್ಲದಿದ್ದರೆ ಏನಾಗುತ್ತಿತ್ತು ಗೊತ್ತಾ? ಒಂದು ರಜೆಯನ್ನು ಮೂರು ದಿನ ಹಿಂದಕ್ಕೆ, ಮುಂದಿನದನ್ನು ಮೂರು ದಿನ ಮುಂದಕ್ಕೆ ತಳ್ಳಿದರೆ ನಡುವೆ ಮತ್ತೆ ಹನ್ನೆರಡು ದಿನ ಬರುತ್ತದೆ. ಅದನ್ನು ತಡೆಯಲೆಂದೇ ಇಟ್ಟ ಮಿತಿ ಅದು.

ಹೊಸ ಸಂಹಿತೆಯಲ್ಲಿ ಹತ್ತು ದಿನದ ಮಾತು ಬರುವುದು ಸಾರಿಗೆಯವರಿಗೆ ಮಾತ್ರ. ಹಾಗಾಗಿ "ಹತ್ತು ದಿನದವರೆಗೂ ದುಡಿಸಬಹುದು" ಎಂದು ಗಾರ್ಮೆಂಟ್ಸ್ ಅಥವಾ ಅಂಗಡಿಯಲ್ಲಿ ಯಾರಾದರೂ ಹೇಳಿದರೆ ಒಪ್ಪಬೇಡಿ. ಅಲ್ಲಿ ನಿಯಮ ವಾರಕ್ಕೆ ಆರು ದಿನ. ಸರ್ಕಾರ ಅಧಿಸೂಚನೆ ಹೊರಡಿಸಿ ಯಾವುದಾದರೂ ವರ್ಗಕ್ಕೆ ವಿನಾಯಿತಿ ಕೊಟ್ಟಿದ್ದರೆ, ಕಳೆದುಕೊಂಡಷ್ಟೇ ರಜೆಗಳನ್ನು ಅದೇ ತಿಂಗಳಲ್ಲಿ ಅಥವಾ ಅದರ ಮುಂದಿನ ಎರಡು ತಿಂಗಳೊಳಗೆ ಕೊಡಬೇಕು. "ವರ್ಷದ ಕೊನೆಗೆ ಒಟ್ಟಿಗೆ ತಗೊಳ್ಳಿ" ಎನ್ನುವ ಕಾಂಪ್ ಆಫ್ (ಬದಲಿ ರಜೆ) ಈ ಲೆಕ್ಕಕ್ಕೆ ಹೊಂದುವುದಿಲ್ಲ.

ಎಣಿಸುವಾಗ ಮೂರು ವಿಷಯ ನೆನಪಿಡಿ. ವಾರದ ರಜೆ ಅಂದರೆ ಪೂರ್ತಿ ದಿನ. ಬೆಳಿಗ್ಗೆ ಕರೆಸಿ ಮಧ್ಯಾಹ್ನ ಕಳಿಸಿದರೆ ಅದು ಕೆಲಸದ ದಿನವೇ. ನೈಟ್ ಶಿಫ್ಟ್ ಮುಗಿಸಿ ಭಾನುವಾರ ಬೆಳಿಗ್ಗೆ ಆರಕ್ಕೆ ಮನೆಗೆ ಬಂದು, ಆ ದಿನವನ್ನೇ ರಜೆ ಎಂದು ತೋರಿಸಿದ್ದರೆ ಅದನ್ನು ಬೇರೆಯಾಗಿ ಗುರುತು ಮಾಡಿ. ಮೂರನೆಯದು, ಹಬ್ಬದ ರಜೆ ಬೇರೆ, ವಾರದ ರಜೆ ಬೇರೆ. ರಾಜ್ಯದ 1963ರ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆ ಗಣರಾಜ್ಯೋತ್ಸವ, ಮೇ ದಿನ, ಸ್ವಾತಂತ್ರ್ಯ ದಿನ, ಗಾಂಧಿ ಜಯಂತಿ, ಕನ್ನಡ ರಾಜ್ಯೋತ್ಸವಗಳಿಗೆ ಮತ್ತು ಅದರ ಮೇಲೆ ಇನ್ನಷ್ಟು ಹಬ್ಬಗಳಿಗೆ ಸಂಬಳ ಸಹಿತ ರಜೆ ಕೊಡುತ್ತದೆ. ಬುಧವಾರ ನವೆಂಬರ್ 1 ಬಂತು ಎಂದು ಆ ವಾರದ ಭಾನುವಾರವನ್ನು ಕಿತ್ತುಕೊಳ್ಳುವಂತಿಲ್ಲ. ಹಾಗೆಯೇ ನೀವು ಗಳಿಸಿದ ವಾರ್ಷಿಕ ರಜೆಯಿಂದ ವಾರದ ರಜೆಯನ್ನು ಕಳೆಯುವಂತೆಯೂ ಇಲ್ಲ. ಪೇ ಸ್ಲಿಪ್ ನೋಡಿ, ಈ ಕೈಚಳಕ ಅಲ್ಲೇ ಇರುತ್ತದೆ.

ಹಂತ 3: ನಿಮ್ಮದೇ ದಾಖಲೆ ಕಟ್ಟಿ

ಹಾಜರಿ ಪುಸ್ತಕ ಇರುವುದು ಅವರ ಕೈಲಿ. ತಪಾಸಣೆ ಬರುವ ದಿನ ಅದರಲ್ಲಿ ಎಲ್ಲರಿಗೂ ನಾಲ್ಕು ರಜೆ ತುಂಬಿರುತ್ತದೆ. ನಿಮ್ಮ ಕೈಲಿ ಬೇರೆ ಪುಸ್ತಕ ಇರಬೇಕು.

ಒಂದು ಸಣ್ಣ ನೋಟ್‌ಬುಕ್ ಸಾಕು. ಪ್ರತಿದಿನ ಅದೇ ದಿನವೇ ಬರೆಯಿರಿ. ತಾರೀಖು, ವಾರ, ಒಳಗೆ ಹೋದ ಹೊತ್ತು, ಹೊರಗೆ ಬಂದ ಹೊತ್ತು, ಊಟಕ್ಕೆ ಬಿಟ್ಟ ಹೊತ್ತು, ರಜೆಯ ದಿನವಾಗಿದ್ದರೆ ಕರೆದವರು ಯಾರು, ಏನು ಹೇಳಿ ಕರೆದರು. ತಿಂಗಳ ಕೊನೆಗೆ ಕೂತು ನೆನಪಿಸಿಕೊಂಡು ಒಂದೇ ಪೆನ್ನಲ್ಲಿ ಬರೆದ ಪುಸ್ತಕಕ್ಕೆ ಯಾರೂ ಬೆಲೆ ಕೊಡುವುದಿಲ್ಲ. ದಿನಾ ಬರೆದದ್ದು ನೋಡಿದರೇ ಗೊತ್ತಾಗುತ್ತದೆ.

ಜೊತೆಗೆ ಇವನ್ನೂ ಕೂಡಿಡಿ: ಶಿಫ್ಟ್ ಪಟ್ಟಿಯ ಫೋಟೋ, "ನಾಳೆ ಬನ್ನಿ" ಎಂಬ ವಾಟ್ಸಾಪ್ ಮೆಸೇಜಿನ ಸ್ಕ್ರೀನ್‌ಶಾಟ್ (ಕಳಿಸಿದವರ ನಂಬರ್, ತಾರೀಖು ಕಾಣುವಂತೆ), ಪಂಚಿಂಗ್ ಆ್ಯಪ್‌ನ ಪುಟ, ಕಂಪನಿ ಬಸ್ಸಿನ ಪಾಸ್, ಬ್ಯಾಂಕಿಗೆ ಸಂಬಳ ಬಂದ ವಿವರ, ಪೇ ಸ್ಲಿಪ್, ನೇಮಕಾತಿ ಪತ್ರ. ಇವನ್ನೆಲ್ಲ ಕಂಪನಿಯ ಮೇಲ್ ಅಥವಾ ಕಂಪನಿಯ ಫೋನಿನಲ್ಲಿ ಇಡಬೇಡಿ. ಕೆಲಸದಿಂದ ತೆಗೆದ ದಿನವೇ ಆ ಬಾಗಿಲು ಮುಚ್ಚಿಹೋಗುತ್ತದೆ. ಇನ್ನೊಂದು ಎಚ್ಚರಿಕೆ, ಕಂಪನಿಯ ಗುಟ್ಟಿನ ಕಾಗದ, ಗ್ರಾಹಕರ ವಿವರ, ಬೇರೆಯವರ ಸಂಬಳದ ಪಟ್ಟಿ ತೆಗೆಯಲು ಹೋಗಬೇಡಿ. ನಿಮಗೆ ಬೇಕಿರುವುದು ನಿಮ್ಮ ದಿನಗಳ ಲೆಕ್ಕ ಅಷ್ಟೇ.

ಖಾಲಿ ಹಾಳೆಗೆ, ತುಂಬದ ಮಸ್ಟರ್ ರೋಲ್‌ಗೆ (ಹಾಜರಿ ಪಟ್ಟಿಗೆ) ಸಹಿ ಹಾಕಬೇಡಿ. ಹಾಕಲೇಬೇಕಾದ ಒತ್ತಡ ಬಂದರೆ ಸಹಿಯ ಪಕ್ಕ ತಾರೀಖು ಬರೆಯಿರಿ, ಅದೇ ದಿನ ನಿಮ್ಮ ನೋಟ್‌ಬುಕ್‌ನಲ್ಲಿ ಅದನ್ನು ದಾಖಲಿಸಿ.

ಹಂತ 4: ಬರಬೇಕಾದ ಹಣ ಎಷ್ಟು?

ದಿನಕ್ಕೆ ಎಂಟು ಗಂಟೆ, ವಾರಕ್ಕೆ ಆರು ದಿನ ಅಂದರೆ 48 ಗಂಟೆ. ಏಳನೇ ದಿನವೂ ಬಂದರೆ 56. ಮೇಲಿನ ಎಂಟು ಗಂಟೆ ಓಟಿ, ಅಂದರೆ ಓವರ್‌ಟೈಮ್. ಓಟಿಗೆ ಕೊಡಬೇಕಾದ್ದು ದುಪ್ಪಟ್ಟು ದರ. ಇದು ಅಂಗಡಿ ಕಾಯ್ದೆಯಲ್ಲೂ ಇದೆ, ಹೊಸ ಸಂಹಿತೆಯ 27ನೇ ಕಲಂನಲ್ಲೂ ಇದೆ. ಆ ಕಲಂ ಪ್ರಕಾರ ಓಟಿಗೆ ಕಾರ್ಮಿಕರ ಒಪ್ಪಿಗೆಯೂ ಬೇಕು. ಒಪ್ಪಿಗೆ ಕೊಡದವರನ್ನು ಗೇಟ್ ಮುಚ್ಚಿ ಕೂರಿಸುವುದು ತಪ್ಪು.

ಒಂದು ಲೆಕ್ಕ ಮಾಡೋಣ. ತಿಂಗಳ ವೇತನ 15,600 ರೂಪಾಯಿ ಎಂದಿರಲಿ. 26ರಿಂದ ಭಾಗಿಸಿದರೆ ದಿನಕ್ಕೆ 600. ಎಂಟರಿಂದ ಭಾಗಿಸಿದರೆ ಗಂಟೆಗೆ 75. ದುಪ್ಪಟ್ಟು 150. ಎಂಟು ಗಂಟೆಗೆ 1,200 ರೂಪಾಯಿ. ತಿಂಗಳಲ್ಲಿ ನಾಲ್ಕು ಭಾನುವಾರ ದುಡಿದಿದ್ದರೆ 4,800. ಇದರ ಬದಲು ಕೈಗೆ ಇನ್ನೂರು ರೂಪಾಯಿ ಕೊಟ್ಟು 'ಭಾನುವಾರದ ಬತ್ತೆ' ಅನ್ನುವುದು ಬಹಳ ಕಡೆ ನಡೆಯುತ್ತದೆ. ಆ ಇನ್ನೂರನ್ನು ನಿಮ್ಮ ಲೆಕ್ಕದಲ್ಲಿ ಕಳೆಯಿರಿ, ಉಳಿದದ್ದನ್ನು ಬಾಕಿ ಎಂದು ಬರೆಯಿರಿ.

ಬದಲಿ ರಜೆ ಕೊಟ್ಟರೆ? ಅದೇ ವಾರದಲ್ಲಿ ಕೊಟ್ಟು, ಒಟ್ಟು ಗಂಟೆ 48 ದಾಟದಿದ್ದರೆ ಓಟಿ ಕೇಳಲು ಆಧಾರ ಇಲ್ಲ. ಬೇರೆ ವಾರದಲ್ಲಿ ಕೊಟ್ಟರೆ, ಈ ವಾರದ ಗಂಟೆ 48 ದಾಟಿದ್ದು ದಾಟಿದ್ದೇ. ಓಟಿಯನ್ನು ಕೇಳಿ.

ಹಣ ಕೊಟ್ಟಾಕ್ಷಣ ರಜೆ ಕಿತ್ತುಕೊಳ್ಳುವ ಹಕ್ಕು ಬರುವುದಿಲ್ಲ ಎಂಬುದನ್ನೂ ಹೇಳಬೇಕು. ದುಪ್ಪಟ್ಟು ಸಂಬಳದ ಆಸೆಗೆ ತಿಂಗಳುಗಟ್ಟಲೆ ರಜೆ ಬಿಡುವವರಿದ್ದಾರೆ. ಮನೆಯ ಕಷ್ಟ ಅರ್ಥವಾಗುತ್ತದೆ. ಆದರೆ ಆ ವಾರದ ರಜೆ ಕಾನೂನಿನಲ್ಲಿ ಮಾರಾಟಕ್ಕೆ ಇಟ್ಟದ್ದಲ್ಲ. ಮೈ ಸೋತಾಗ ಮೆಷಿನ್‌ಗೆ ಕೈ ಸಿಗುವುದು ಬೇಗ.

ಹಂತ 5: ಬರೆದು ಕೇಳಿ

ನೇರವಾಗಿ ದೂರಿಗೆ ಹೋಗಬೇಡಿ. ಮೊದಲು ಬರೆದು ಕೇಳಿ. ಸಿಟ್ಟು ಬೇಡ, ಬೆದರಿಕೆ ಬೇಡ. ಈ ರೀತಿ ಬರೆಯಬಹುದು:

"ಮಾನ್ಯರೇ, ನಾನು ನಿಮ್ಮ ಸಂಸ್ಥೆಯಲ್ಲಿ [ಹುದ್ದೆ] ಆಗಿ [ತಾರೀಖು]ರಿಂದ ಕೆಲಸ ಮಾಡುತ್ತಿದ್ದೇನೆ. [ತಾರೀಖು]ರಿಂದ [ತಾರೀಖು]ವರೆಗೆ ವಾರದ ರಜೆ ಇಲ್ಲದೆ ಸತತವಾಗಿ ಕೆಲಸ ಮಾಡಿದ್ದೇನೆ. ಕೆಲಸ ಮಾಡಿದ ರಜಾ ದಿನಗಳ ಪಟ್ಟಿ ಕೆಳಗಿದೆ. ಈ ದಿನಗಳಿಗೆ ಬದಲಿ ರಜೆ ಮತ್ತು ಕಾನೂನಿನ ಪ್ರಕಾರ ಬರಬೇಕಾದ ಓಟಿ ವೇತನ ಕೊಡಬೇಕೆಂದೂ, ಮುಂದೆ ವಾರಕ್ಕೆ ಒಂದು ಪೂರ್ತಿ ದಿನ ರಜೆ ಗೊತ್ತುಮಾಡಿ ತಿಳಿಸಬೇಕೆಂದೂ ಕೋರುತ್ತೇನೆ."

ಮೇಲ್ ಮಾಡಿದರೆ ನಿಮ್ಮ ಸ್ವಂತ ವಿಳಾಸಕ್ಕೂ ಒಂದು ಪ್ರತಿ ಹೋಗಲಿ. ಕಾಗದ ಕೊಟ್ಟರೆ ಎರಡನೇ ಪ್ರತಿಯ ಮೇಲೆ ಸೀಲು, ಸಹಿ ತೆಗೆದುಕೊಳ್ಳಿ. ತೆಗೆದುಕೊಳ್ಳಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಆದಷ್ಟೂ ಒಬ್ಬರೇ ಹೋಗಬೇಡಿ. ಹತ್ತು ಜನ ಸಹಿ ಹಾಕಿದ ಕಾಗದಕ್ಕೆ ಸಿಗುವ ಉತ್ತರವೇ ಬೇರೆ. ಯೂನಿಯನ್ ಇದ್ದರೆ ಅದರ ಮೂಲಕ ಕೊಡಿ.

ಕಂಟ್ರಾಕ್ಟರ್ ಕೆಳಗೆ ಇರುವವರು ಕಂಟ್ರಾಕ್ಟರ್‌ಗೂ, ನೀವು ನಿಜವಾಗಿ ಕೆಲಸ ಮಾಡುವ ಕಂಪನಿಗೂ ಪ್ರತಿ ಕೊಡಿ. ಕಂಟ್ರಾಕ್ಟರ್ ಕೂಲಿ ಕೊಡದಿದ್ದರೆ ಆ ಕಂಪನಿಯೇ ಕೊಡಬೇಕು ಎಂದು ಕಾನೂನು ಹೇಳುತ್ತದೆ.

ಒಂದನ್ನು ಮಾತ್ರ ಮಾಡಬೇಡಿ. ಸಿಟ್ಟಿನಲ್ಲಿ ಹೇಳದೆ ಕೇಳದೆ ಮನೆಯಲ್ಲಿ ಉಳಿಯಬೇಡಿ. ಆಗ ಮಾತು ರಜೆಯಿಂದ ಜಾರಿ ನಿಮ್ಮ ಗೈರುಹಾಜರಿಗೆ ಹೋಗುತ್ತದೆ. ಅವರಿಗೆ ಬೇಕಿರುವುದೂ ಅದೇ.

ಹಂತ 6: ದೂರು ಎಲ್ಲಿ, ಹೇಗೆ

ಉತ್ತರ ಬರದಿದ್ದರೆ ಎರಡು ವಾರ ಕಾದು ದೂರು ಕೊಡಿ. ಅಂಗಡಿ, ಆಫೀಸು, ಹೋಟೆಲ್, ಏಜೆನ್ಸಿಗಳಾದರೆ ನಿಮ್ಮ ಭಾಗದ ಕಾರ್ಮಿಕ ನಿರೀಕ್ಷಕರು ಅಥವಾ ಕಾರ್ಮಿಕ ಅಧಿಕಾರಿ. ಕಾರ್ಖಾನೆಯಾದರೆ ರಾಜ್ಯದ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆ. ರೈಲ್ವೆ, ಬ್ಯಾಂಕ್, ವಿಮಾನ ನಿಲ್ದಾಣ, ಗಣಿಗಳಲ್ಲಿ ಕಂಟ್ರಾಕ್ಟ್ ಕೆಲಸವಾದರೆ ಕೇಂದ್ರದ ಕಾರ್ಮಿಕ ಆಯುಕ್ತರ ಕಚೇರಿ. ಹೊಸ ಸಂಹಿತೆಗಳಲ್ಲಿ ಇನ್‌ಸ್ಪೆಕ್ಟರ್‌ರ ಹೆಸರು 'ಇನ್‌ಸ್ಪೆಕ್ಟರ್ ಮತ್ತು ಫೆಸಿಲಿಟೇಟರ್' ಎಂದಾಗಿದೆ.

ದೂರು ಒಂದೂವರೆ ಪುಟ ಮೀರದಿರಲಿ. ಸಂಸ್ಥೆಯ ಹೆಸರು, ವಿಳಾಸ, ಎಷ್ಟು ಜನ ಇದ್ದಾರೆ, ನಿಮ್ಮ ದಿನಗಳ ಪಟ್ಟಿ, ನೀವು ಬರೆದ ಕಾಗದದ ಪ್ರತಿ, ಹಣದ ಲೆಕ್ಕ. ಮ್ಯಾನೇಜರ್‌ರ ಗುಣಸ್ವಭಾವದ ಬಗ್ಗೆ ಏನೂ ಬೇಡ. ಕೆಲಸದಲ್ಲಿ ಇನ್ನೂ ಇದ್ದರೆ "ನನ್ನ ಹೆಸರು ಗುಟ್ಟಾಗಿಡಿ" ಎಂದು ಮೊದಲ ಸಾಲಿನಲ್ಲೇ ಬರೆಯಿರಿ. ಒಂದು ಉಪಯೋಗಕ್ಕೆ ಬರುವ ಸಲಹೆ: ತಪಾಸಣೆಯನ್ನು ರಜೆಯ ದಿನವೇ ಮಾಡಿ ಎಂದು ಕೇಳಿ. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಲೈನ್ ಪೂರ್ತಿ ಓಡುತ್ತಿರುವುದು ಕಣ್ಣಿಗೆ ಕಂಡರೆ, ಹಾಜರಿ ಪುಸ್ತಕದಲ್ಲಿ ಏನು ಬರೆದಿದ್ದರೂ ಉಪಯೋಗವಿಲ್ಲ.

ಸಂಹಿತೆ ಮುರಿದ ಮಾಲೀಕರಿಗೆ ಎರಡು ಲಕ್ಷದಿಂದ ಮೂರು ಲಕ್ಷ ರೂಪಾಯಿವರೆಗೆ ದಂಡ ಇದೆ. ಆ ದಂಡ ಸರ್ಕಾರಕ್ಕೆ ಹೋಗುತ್ತದೆ, ನಿಮಗಲ್ಲ. ನಿಮ್ಮ ಹಣಕ್ಕೆ ಮುಂದಿನ ಹಂತ ಬೇಕು.

ದೂರು ಕೊಟ್ಟು ತಿಂಗಳಾದರೂ ಸುದ್ದಿಯಿಲ್ಲದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಿ. ಅರ್ಜಿ ಶುಲ್ಕ ಹತ್ತು ರೂಪಾಯಿ, ಉತ್ತರಕ್ಕೆ 30 ದಿನ ಗಡುವು. "ನನ್ನ ದೂರಿನ ಮೇಲೆ ಯಾವ ದಿನ, ಯಾರು, ಏನು ಕ್ರಮ ಕೈಗೊಂಡರು" ಎಂಬ ಒಂದೇ ಪ್ರಶ್ನೆ ಸಾಕು. ಮೂಲೆಯಲ್ಲಿದ್ದ ಫೈಲು ಇದರಿಂದ ಕದಲುತ್ತದೆ.

ಹಂತ 7: ಬಾಕಿ ವಸೂಲಿ, ಕೆಲಸ ಹೋದರೆ ಮುಂದೇನು

ಬಾಕಿ ಓಟಿಗೆ ವೇತನ ಸಂಹಿತೆ, 2019ರ 45ನೇ ಕಲಂ ಕೆಳಗೆ ಅರ್ಜಿ ಹಾಕಬಹುದು. ನೀವೇ ಹಾಕಬಹುದು, ಯೂನಿಯನ್ ಹಾಕಬಹುದು. ಮೂರು ವರ್ಷದ ಒಳಗೆ ಹಾಕಬೇಕು. ಹಾಗಾಗಿ ಕೆಲಸ ಬಿಟ್ಟ ಮೇಲೂ ದಾರಿ ತೆರೆದಿರುತ್ತದೆ. ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರ ಆ ಅಧಿಕಾರಿಗಿದೆ. ವೇತನ ಕೊಟ್ಟಿಲ್ಲ ಎಂದು ನೀವು ಅರ್ಜಿ ಹಾಕಿದಾಗ, ಕೊಟ್ಟಿದ್ದೇವೆ ಎಂದು ಸಾಬೀತು ಮಾಡುವ ಹೊಣೆ ಮಾಲೀಕರದು. ಇದನ್ನು 59ನೇ ಕಲಂ ಹೇಳುತ್ತದೆ. ನೀವು ಆ ದಿನ ಕೆಲಸ ಮಾಡಿದ್ದನ್ನು ತೋರಿಸಲು ಮಾತ್ರ ನಿಮ್ಮ ನೋಟ್‌ಬುಕ್ ಬೇಕು.

ರಜೆ ಕೇಳಿದ್ದಕ್ಕೆ ಕೆಲಸದಿಂದ ತೆಗೆದರೆ ತಡ ಮಾಡಬೇಡಿ. ರಾಜೀನಾಮೆ ಬರೆದುಕೊಡಿ ಎಂದು ಒತ್ತಾಯಿಸಿದರೆ ಬರೆದುಕೊಡಬೇಡಿ. ರಾಜೀನಾಮೆ ನಿಮ್ಮ ಕೈಬರಹದಲ್ಲಿದ್ದರೆ ಮುಂದೆ ತೆಗೆದುಹಾಕಿದರು ಎಂದು ವಾದಿಸುವುದು ಬಹಳ ಕಷ್ಟ. ಗೇಟಿನಲ್ಲಿ ತಡೆದರೆ ಅದೇ ದಿನ "ಕೆಲಸಕ್ಕೆ ಬಂದೆ, ಒಳಗೆ ಬಿಡಲಿಲ್ಲ" ಎಂದು ಮೇಲ್ ಅಥವಾ ಸ್ಪೀಡ್ ಪೋಸ್ಟ್ ಕಳಿಸಿ, ಕಾರ್ಮಿಕ ಅಧಿಕಾರಿಯ ಮುಂದೆ ರಾಜಿ ಸಂಧಾನಕ್ಕೆ ಅರ್ಜಿ ಹಾಕಿ.

ವಕೀಲರಿಗೆ ಹಣ ಎಲ್ಲಿಂದ ತರುವುದು ಎಂದು ಹಿಂದೆ ಸರಿಯುವವರೇ ಹೆಚ್ಚು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಕೈಗಾರಿಕಾ ಕಾರ್ಮಿಕರಿಗೆ, ಎಲ್ಲ ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ವಕೀಲರ ನೆರವು ಉಚಿತ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ಇರುತ್ತದೆ. ಸಹಾಯವಾಣಿ 15100. ಹೋಗುವಾಗ ನೋಟ್‌ಬುಕ್, ಪೇ ಸ್ಲಿಪ್, ಬ್ಯಾಂಕ್ ವಿವರ, ನೀವು ಬರೆದ ಕಾಗದಗಳನ್ನು ತಾರೀಖಿನ ಪ್ರಕಾರ ಜೋಡಿಸಿ, ಎರಡು ಸೆಟ್ ಜೆರಾಕ್ಸ್ ಮಾಡಿಸಿಕೊಂಡು ಹೋಗಿ. ಮೂಲ ಪ್ರತಿಗಳನ್ನು ಯಾರ ಕೈಗೂ ಬಿಟ್ಟು ಬರಬೇಡಿ.